ಸಹಾಯ ಬೇಕು: ಸರ್ಜರಿ ಪೋಸ್ಟಿಂಗ್‌ಗೆ ತಯಾರಿ ಹೇಗೆ?

ನಮಸ್ಕಾರ. ಮೆಡಿಕಲ್ ಕೊನೆ ವರ್ಷದಲ್ಲಿದ್ದೇನೆ. ಇನ್ನು 3 ವಾರಕ್ಕೆ ಸರ್ಜರಿ ಪೋಸ್ಟಿಂಗ್ ಶುರು. ಈ ಸಲ ಮೂಲೆಯಲ್ಲಿ ನಿಂತು ನೋಡಿದರೆ ಸಾಲದು, ಹೆಚ್ಚುಕಮ್ಮಿ ಇಂಟರ್ನ್ ಕೆಲಸವನ್ನೇ ಮಾಡಬೇಕಂತೆ. ಈಗಲೇ ಎದೆ ಡವಡವ ಅನ್ನುತ್ತಿದೆ.

ಕಾರಣ ಇದೆ. ಹಿಂದಿನ ಪೋಸ್ಟಿಂಗ್‌ನಲ್ಲಿ ಸ್ಕ್ರಬ್ ಆಗಿ (ಕ್ರಿಮಿ ಇಲ್ಲದಂತೆ ಕೈ ತೊಳೆದು, ಆಮೇಲೆ ಹೊರಗಿನ ಏನನ್ನೂ ಮುಟ್ಟಬಾರದು), ಗೌನು, ಗ್ಲೌಸು ಹಾಕಿಕೊಂಡು ಟೇಬಲ್ ಹತ್ತಿರ ಬಂದವನು ಜಾರುತ್ತಿದ್ದ ಕನ್ನಡಕವನ್ನು ಬೆರಳಿಂದ ಮೇಲಕ್ಕೆ ತಳ್ಳಿಬಿಟ್ಟೆ! ಸಿಸ್ಟರ್ ಬಾಗಿಲ ಕಡೆ ಕೈ ತೋರಿಸಿದರು, ಅಷ್ಟೇ. ಅದೇ ದಿನ ಗಾಲ್‌ಬ್ಲಾಡರ್ ಆಪರೇಷನ್ ನಡುವೆ ಕ್ಯಾಲೊ ತ್ರಿಕೋನದೊಳಗೆ (ಗಾಲ್‌ಬ್ಲಾಡರ್ ಪಕ್ಕದ ಚಿಕ್ಕ ಜಾಗ) ಏನಿರುತ್ತದೆ ಅಂತ ಸರ್ ಕೇಳಿದರು. ಸಿಸ್ಟಿಕ್ ಆರ್ಟರಿ (ಗಾಲ್‌ಬ್ಲಾಡರ್‌ಗೆ ರಕ್ತ ಒಯ್ಯುವ ನಾಳ) ಅನ್ನುವ ಎರಡು ಪದ ಬಾಯಿಗೆ ಬರಲಿಲ್ಲ.

ಈಗ ಕುರ್ಚಿಯ ಕೈಗೆ ದಾರ ಕಟ್ಟಿ ಗಂಟು ಹಾಕಿ ಕಲಿಯುತ್ತಿದ್ದೇನೆ. ಎರಡು ಕೈಯಲ್ಲಿ ಸರಿಯಾಗಿ ಬರುತ್ತದೆ. ಒಂದೇ ಕೈಯಲ್ಲಿ ಹಾಕಿದರೆ ಚೌಕ ಗಂಟು (ಬಿಗಿಯಾಗಿ ನಿಲ್ಲುವ ಗಂಟು) ಆಗುವ ಬದಲು ಜಾರುತ್ತದೆ. ಪ್ರತಿ ಸಲ ಕೈ ಅಡ್ಡ ದಾಟಿಸದೇ ಇರೋದು ಕಾರಣವೋ, ಒಂದೇ ಎಳೆಯನ್ನು ಜಾಸ್ತಿ ಎಳೆಯುತ್ತಿದ್ದೇನೋ? ಗ್ಲೌಸ್ ಹಾಕಿ, ದಾರ ಒದ್ದೆ ಮಾಡಿ ಅಭ್ಯಾಸ ಮಾಡಿದರೆ ಒಳ್ಳೆಯದು ಅಲ್ವಾ?

ಇನ್ನೊಂದು ವಿಷಯ. ಬೆಳಗಿನ ರೌಂಡ್ಸ್‌ನಲ್ಲಿ ರೋಗಿಯ ಬಗ್ಗೆ 1 ನಿಮಿಷದಲ್ಲಿ ಹೇಳಬೇಕು. ಜ್ವರ, ನೋವು, ಮೂತ್ರ, ಡ್ರೈನ್‌ನಲ್ಲಿ (ಗಾಯದೊಳಗಿನ ದ್ರವ ಹೊರತೆಗೆಯುವ ಕೊಳವೆ) ಬಂದದ್ದು ಎಷ್ಟು, ಯಾವ ಬಣ್ಣ, ಗ್ಯಾಸ್ ಹೋಯಿತಾ, ಗಾಯ ಹೇಗಿದೆ. ನೀವು ಯಾವುದನ್ನು ಮೊದಲು ಹೇಳುತ್ತಿದ್ದಿರಿ? ಪುಸ್ತಕದ ಪಟ್ಟಿ ಬೇಡ, ಅದು ಸುಮ್ನೆ ಕಪಾಟಿನಲ್ಲಿ ಕೂರುತ್ತದೆ. ಆಪರೇಷನ್ ಹಿಂದಿನ ರಾತ್ರಿ ಅರ್ಧ ಗಂಟೆ ಸಿಕ್ಕರೆ ಏನು ಓದುತ್ತಿದ್ದಿರಿ, ಅದನ್ನು ಹೇಳಿ.