ಕಡಿಮೆ ದುಡ್ಡಿನಲ್ಲಿ ಗೋಸುಂಬೆ ಸಾಕುವುದು: ಎಲ್ಲಿ ಉಳಿಸಬಹುದು, ಎಲ್ಲಿ ಬೇಡ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಸ್ನೇಹಿತರೊಬ್ಬರು ಬೇರೆ ಕಡೆ ಹೋಗುವಾಗ ತಮ್ಮ ವೇಲ್ಡ್ ಗೋಸುಂಬೆಯನ್ನು (ತಲೆ ಮೇಲೆ ಎತ್ತರದ ಶಿಖೆ ಇರುವ, ಅರಬ್ ನಾಡಿನ ಜಾತಿ) ನನಗೆ ಕೊಟ್ಟು ಹೋದರು. ಹೆಣ್ಣು, ಎಂಟು ತಿಂಗಳು. ಸಾಕಿದ ಕಡೆಯೇ ಹುಟ್ಟಿದ್ದು, ಕಾಗದಪತ್ರ ಇದೆ. ಜೊತೆಗೆ ಬಂದದ್ದು ಒಂದು ಗಾಜಿನ ತೊಟ್ಟಿ, ಮಾಮೂಲಿ ಬಲ್ಬು, ನೀರಿನ ಬಟ್ಟಲು, ಅಷ್ಟೇ. ನಾನಿನ್ನೂ ಓದುತ್ತಿದ್ದೇನೆ. ದಿನಾ ಹುಳ ಕೊಂಡು ಕೊಂಡು ಕೈ ಖಾಲಿಯಾಗುತ್ತಿದೆ. ಬಟ್ಟಲಿನ ನೀರನ್ನಂತೂ ಅದು ಮುಟ್ಟುತ್ತಲೇ ಇಲ್ಲ. ಯಾವ ಖರ್ಚು ಕಡಿಮೆ ಮಾಡಬಹುದು ಹೇಳಿ.

ಉತ್ತರ: ಮೊದಲು ನೀರು, ಅದು ಇವತ್ತೇ ಆಗಬೇಕು. ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆ ಮೇಲೆ ಹೊಳೆಯುವ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಿಂದ ತೂತು ಮಾಡಿ ಗೂಡಿನ ಮೇಲಿಡಿ, ಹನಿ ನಿಧಾನವಾಗಿ ಎಲೆಗಳ ಮೇಲೆ ಬೀಳಲಿ, ಕೆಳಗೆ ಒಂದು ತಟ್ಟೆ ಇರಲಿ. ಬೆಳಿಗ್ಗೆ ಸಂಜೆ ನೀರು ಸಿಂಪಡಿಸಿ. ಹಿಕ್ಕೆಯ ಜೊತೆ ಬರುವ ಗಟ್ಟಿ ಭಾಗ ಬೆಳ್ಳಗಿದ್ದರೆ ನೀರು ಸಾಕಾಗಿದೆ ಎಂದರ್ಥ. ಕಿತ್ತಳೆ ಬಣ್ಣಕ್ಕೆ ತಿರುಗಿದರೆ, ಕಣ್ಣು ಒಳಕ್ಕೆ ಹೋದಂತೆ ಕಂಡರೆ, ನೀರು ಸಾಲುತ್ತಿಲ್ಲ.

ದುಡ್ಡು ಹಾಕಲೇಬೇಕಾದದ್ದು ಎರಡಕ್ಕೆ. ಒಂದು, ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ. 5.0 ಅಥವಾ 6% ಎಂದು ಬರೆದಿರುವ ಉದ್ದನೆಯ ಟಿ5 (ತೆಳು ಗಾತ್ರದ) ಟ್ಯೂಬ್ ತೆಗೆದುಕೊಳ್ಳಿ, ಸುರುಳಿ ಬಲ್ಬು ಅಗ್ಗ ಅಂತ ತರಬೇಡಿ, ಅದರ ಬೆಳಕು ಇಡೀ ಗೂಡಿಗೆ ಸಾಲುವುದಿಲ್ಲ. ದಿನಕ್ಕೆ 12 ಗಂಟೆ ಉರಿಯಲಿ, ಗೋಸುಂಬೆ ಕೂರುವ ಮೇಲಿನ ಕೊಂಬೆಗೂ ಟ್ಯೂಬಿಗೂ ಸುಮಾರು 20 ಸೆಂ.ಮೀ. ಅಂತರ ಇರಲಿ. ಹಾಕಿದ ತಾರೀಖನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರ್‌ನಿಂದ ಬರೆದಿಡಿ, ಏಕೆಂದರೆ ಕಣ್ಣಿಗೆ ಬೆಳಕು ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನ ಯುವಿಬಿ ಕುಗ್ಗುತ್ತಾ ಬಂದಿರುತ್ತದೆ, ವರ್ಷದೊಳಗೆ ಬದಲಿಸಬೇಕು. ಎರಡು, ಕ್ಯಾಲ್ಸಿಯಂ ಪುಡಿ. ಡಿ3 (ಕ್ಯಾಲ್ಸಿಯಂ ಮೈಗೆ ಹಿಡಿಸುವ ವಿಟಮಿನ್) ಇಲ್ಲದ್ದನ್ನು ಪ್ರತಿ ಊಟಕ್ಕೂ ಹುಳದ ಮೇಲೆ ತೆಳ್ಳಗೆ ಹಚ್ಚಿ, ಡಿ3 ಮತ್ತು ಬೇರೆ ವಿಟಮಿನ್ ಇರುವುದನ್ನು ತಿಂಗಳಿಗೆ ಎರಡೇ ಸಲ. ಅದು ಜಾಸ್ತಿ ಆದರೂ ತೊಂದರೆ. ಈ ಎರಡು ತಪ್ಪಿದರೆ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ಬಾಗಿದ ಕಾಲು ಮತ್ತೆ ನೆಟ್ಟಗಾಗುವುದು ಕಷ್ಟ. ಅಂಥ ಪ್ರಾಣಿಯನ್ನು ಮೇಜಿನ ಮೇಲೆ ಇಟ್ಟಾಗ ನಿಜಕ್ಕೂ ಸಂಕಟವಾಗುತ್ತದೆ, ತಪ್ಪಿಸಬಹುದಾಗಿತ್ತಲ್ಲ ಅಂತ.

ಉಳಿದದ್ದರಲ್ಲಿ ಧಾರಾಳವಾಗಿ ಉಳಿಸಿ. ಬಿಸಿಲು ಕಾಯಿಸಲು ಮಾಮೂಲಿ ತಂತಿ ಬಲ್ಬೇ ಸಾಕು, ಮೇಲಿನ ಕೊಂಬೆ 28-29 ಡಿಗ್ರಿ ಸೆಲ್ಸಿಯಸ್ ಬಂದರೆ ಆಯ್ತು, ರಾತ್ರಿ ಆರಿಸಿಬಿಡಿ. ಗೂಡನ್ನು ಮರದ ಚೌಕಟ್ಟಿಗೆ ಜಾಲರಿ ಹೊಡೆದು ನೀವೇ ಮಾಡಿಕೊಳ್ಳಿ: 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 120 ಸೆಂ.ಮೀ. ಎತ್ತರ. ಒಳಗೆ ಮನಿ ಪ್ಲಾಂಟ್, ದಾಸವಾಳ. ಔಷಧಿ ಹೊಡೆಯದ ಗಿಡವೇ ಆಗಿರಬೇಕು, ವೇಲ್ಡ್‌ಗಳು ಎಲೆಯನ್ನೂ ಕಚ್ಚಿ ತಿನ್ನುತ್ತವೆ.

ಇನ್ನು ಹುಳ. ನೀವೇ ಬೆಳೆಸಿ. ಡುಬಿಯಾ ಜಿರಳೆ (ಸಾಕುಪ್ರಾಣಿಗಳ ಆಹಾರಕ್ಕೆಂದೇ ಬೆಳೆಸುವ ಜಾತಿ) ಸುಲಭ. ನುಣುಪಾದ ಪ್ಲಾಸ್ಟಿಕ್ ಡಬ್ಬಿ ಹತ್ತಲಾರದು, ರಾತ್ರಿ ಕಿರ್ರೆನ್ನುವ ಕ್ರಿಕೆಟ್ ಹುಳದಷ್ಟು ವಾಸನೆಯೂ ಇಲ್ಲ, ಗಲಾಟೆಯೂ ಇಲ್ಲ. ಮೊಟ್ಟೆ ಟ್ರೇ ನಿಲ್ಲಿಸಿ, ಡಬ್ಬಿ 30 ಡಿಗ್ರಿ ಹತ್ತಿರ ಬೆಚ್ಚಗಿರಲಿ. ಶುರುವಿನ ಕೆಲವು ತಿಂಗಳು ತಾಳ್ಮೆ ಬೇಕು, ದೊಡ್ಡವನ್ನು ಮುಟ್ಟದೆ ಮರಿ ಮಾಡಲು ಬಿಡಿ. ತಿನ್ನಿಸುವ ಹಿಂದಿನ ದಿನ ಹುಳಕ್ಕೆ ಕ್ಯಾರೆಟ್, ಕುಂಬಳ, ಸೊಪ್ಪು ಹಾಕಿ, ಅದರ ಹೊಟ್ಟೆಯಲ್ಲಿರುವುದೇ ಗೋಸುಂಬೆಗೂ ಸಿಗುವುದು. ಹುಳದ ಉದ್ದ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಗಲ ಮೀರಬಾರದು.

ಪ್ರಶ್ನೆ: ಕಿಟಕಿ ಪಕ್ಕ ಇಟ್ಟರೆ ಟ್ಯೂಬ್ ಬೇಕಾ ಡಾಕ್ಟ್ರೇ? ಹಿತ್ತಲಿನ ಮಿಡತೆ ಹಿಡಿದು ಹಾಕಬಹುದಾ?

ಉತ್ತರ: ಬೇಕು. ಕಿಟಕಿ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬದಲಿಗೆ ಜಾಲರಿ ಗೂಡಿನಲ್ಲಿ ಹೊರಗೆ ಎಳೆ ಬಿಸಿಲಿಗೆ ಇಡಿ, ಅರ್ಧ ಭಾಗ ನೆರಳಿರಲಿ, ನೀವು ಜೊತೆಗೇ ಇರಿ. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿಗೆ ಇಡಲೇಬೇಡಿ, ಸ್ವಲ್ಪ ಹೊತ್ತಿಗೇ ಒಳಗೆ ಬೆಂದುಹೋಗುತ್ತದೆ. ಹಿತ್ತಲಿನ ಹುಳ ಬೇಡ, ಎಲ್ಲಿ ಯಾವ ವಿಷ ತಿಂದು ಬಂದಿದೆಯೋ, ಪರಾವಲಂಬಿಗಳೂ ಬರುತ್ತವೆ. ಮಿಂಚುಹುಳವಂತೂ ಒಂದೇ ಒಂದು ತಿಂದರೂ ಪ್ರಾಣಕ್ಕೆ ಅಪಾಯ.

ಪ್ರಶ್ನೆ: ನನ್ನದೂ ಹೆಣ್ಣೇ. ಎರಡು ದಿನದಿಂದ ತಿನ್ನುತ್ತಿಲ್ಲ, ಕೆಳಗಿಳಿದು ಮೂಲೆ ಕೆರೆಯುತ್ತಿದೆ. ಗಂಡು ಇಲ್ಲವೇ ಇಲ್ಲ, ಮೊಟ್ಟೆ ಇರಲಾರದು ಅಲ್ವಾ?

ಉತ್ತರ: ಮೊಟ್ಟೆಯೇ ಇರಬೇಕು. ವೇಲ್ಡ್ ಹೆಣ್ಣು ಗಂಡಿಲ್ಲದೆಯೂ ಇಡುತ್ತದೆ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯಬಹುದು. ಹಳೇ ಬಕೆಟ್ಟಿಗೆ 30 ಸೆಂ.ಮೀ. ಎತ್ತರ ತೊಳೆದ ಮರಳು ತುಂಬಿ, ಸುರಂಗ ತೋಡಿದರೆ ಕುಸಿಯದಷ್ಟು ಒದ್ದೆ ಮಾಡಿ, ಈಗಲೇ ಗೂಡಿನೊಳಗೆ ಇಡಿ. ಸುತ್ತ ಬಟ್ಟೆ ಮುಚ್ಚಿ. ನೋಡುತ್ತಾ ನಿಲ್ಲಬೇಡಿ, ಯಾರಾದರೂ ಕಂಡರೆ ಅಗೆಯುವುದನ್ನು ಬಿಟ್ಟುಬಿಡುತ್ತದೆ. ನಾಳೆಯೊಳಗೆ ಇಡದೆ ಸುಸ್ತಾದರೆ, ಹಗಲಲ್ಲಿ ಕಣ್ಣು ಮುಚ್ಚಿದರೆ, ಕಾಯದೆ ಸರೀಸೃಪ ನೋಡುವ ವೈದ್ಯರ ಹತ್ತಿರ ಕರೆದೊಯ್ಯಿರಿ.

ಮೊದಲು ಕೇಳಿದವರೂ ಗಮನಿಸಿ, ನಿಮಗೂ ಈ ಬಕೆಟ್ ಬೇಕು. ಜೊತೆಗೆ ದಿನಾ ಹೊಟ್ಟೆ ತುಂಬಾ ಹಾಕಬೇಡಿ. ಜಾಸ್ತಿ ತಿಂದ ಹೆಣ್ಣು ಮೊಟ್ಟೆಯನ್ನೂ ವಿಪರೀತ ಇಡುತ್ತದೆ, ಅದರಿಂದಲೇ ಸೊರಗುತ್ತದೆ. ಈ ವಯಸ್ಸಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಸಾಕು.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ. ದಿನಾ ಹದಿನೈದು ಹಾಕುತ್ತಿದ್ದೆ, ಅರ್ಧ ಹಾಗೇ ಗೂಡಲ್ಲಿ ಓಡಾಡುತ್ತಿರುತ್ತವೆ.

ಉತ್ತರ: ಉಳಿದವನ್ನು ದೀಪ ಆರಿಸುವ ಮೊದಲೇ ಹಿಡಿದು ಡಬ್ಬಿಗೆ ಹಾಕಿ. ಕ್ರಿಕೆಟ್ ಹುಳಗಳು ರಾತ್ರಿ ಮಲಗಿರುವ ಗೋಸುಂಬೆಯನ್ನೇ ಕಚ್ಚುತ್ತವೆ.