ನಾಲ್ಕು ವರ್ಷದ ಮಗಳು ಹೊರಗೆ ಆಡೋಕೇ ಹೋಗ್ತಿಲ್ಲ, ನಿಮ್ಮ ಅನುಭವ ಹೇಳಿ

ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಅಲ್ಲಿ ಅಜ್ಜಿ ಮನೆ ಬೀದಿಯಲ್ಲಿ ಸಂಜೆಯಿಡೀ ಓಡುತ್ತಿದ್ದ ಮಗಳು ಇಲ್ಲಿ ಸೋಫಾ ಬಿಟ್ಟು ಏಳುವುದಿಲ್ಲ. ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಪಾರ್ಕ್ ಇದೆ. ಜಾರುಬಂಡೆ, ಉಯ್ಯಾಲೆ ಎಲ್ಲ ಇದೆ. ಕರೆದುಕೊಂಡು ಹೋದರೆ ನನ್ನ ವೇಲ್ ಹಿಡಿದು ನಿಂತುಬಿಡುತ್ತಾಳೆ. ಡ್ಯಾನ್ಸ್ ಕ್ಲಾಸಿಗೆ ಸೇರಿಸಲಾ? ನೀವೆಲ್ಲ ಏನು ಮಾಡಿದಿರಿ?

ಮೈಸೂರಿನಿಂದ ಒಬ್ಬ ತಾಯಿ:

ನನ್ನ ಮಗನೂ ಹೀಗೇ ಇದ್ದ. ಪಾರ್ಕಿನಲ್ಲಿ ಆಟದ ಸಾಮಾನು ಇತ್ತು, ಪರಿಚಯದ ಮುಖ ಇರಲಿಲ್ಲ. ಅವನನ್ನು ‘ಹೋಗು ಆಡು’ ಅಂತ ತಳ್ಳೋದು ಬಿಟ್ಟು, ಮೊದಲು ನಾನೇ ಅಕ್ಕಪಕ್ಕದವರನ್ನು ಮಾತಾಡಿಸಿದೆ. ಎದುರು ಮನೆಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದೆ. ಎರಡು ದಿನ ಬಿಟ್ಟು, ಆರನೇ ಕ್ಲಾಸಿನ ಅವರ ಹುಡುಗಿ ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ತಂದಳು. ಅವತ್ತೇ ನಮ್ಮ ಗೇಟಿನ ಮುಂದೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದಳು.

ಮಗ ಎರಡು ದಿನ ಮೆಟ್ಟಿಲ ಮೇಲೆ ಕೂತು ನೋಡಿದ. ಮೂರನೇ ದಿನ ಬಿಲ್ಲೆ ಎತ್ತಿಕೊಡೋ ಕೆಲಸ ಸಿಕ್ಕಿತು. ವಾರದೊಳಗೆ ಎರಡೂ ಕಾಲು ಊರಿಕೊಂಡೇ ಎಲ್ಲ ಮನೆ ಹಾರಿ ಬರುತ್ತಿದ್ದ. ಗೆರೆ ತುಳಿದರೂ ಯಾರೂ ಔಟ್ ಅನ್ನಲಿಲ್ಲ. ‘ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ದೊಡ್ಡ ಮಕ್ಕಳು ಮೊದಲೇ ತೀರ್ಮಾನ ಮಾಡಿದ್ದರು. ದೊಡ್ಡವರಿಗೆ ಹೀಗಂದರೆ ಅವಮಾನ. ಆದರೆ ಚಿಕ್ಕ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೋಲೋ ಭಯ ಇಲ್ಲ, ಓಟ ಮಾತ್ರ ಪೂರ್ತಿ. ಒಂದೇ ವಯಸ್ಸಿನ ಮಕ್ಕಳೇ ಇರೋ ಕ್ಲಾಸಿನಲ್ಲಿ ಇದು ಸಿಗೋದು ಕಷ್ಟ.

ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಚುರುಕಾಗಿ ಓಡಿ ಕುಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವಾರಕ್ಕೆರಡು ಕ್ಲಾಸಿನಲ್ಲಿ ಇಷ್ಟು ಎಲ್ಲಿಂದ ಬರಬೇಕು? ಬೇಕಾದರೆ ಡ್ಯಾನ್ಸಿಗೂ ಸೇರಿಸಿ, ಬೀದಿ ಮಾತ್ರ ಬಿಡಬೇಡಿ.

ಹಾಸನದಿಂದ ಒಬ್ಬರು ಅಜ್ಜಿ:

ನೋಡಮ್ಮ, ನಾನು ದಿನಾ ಐದೂವರೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತೇನೆ. ನಾನು ಕೂತಿದ್ದರೆ ಬೀದಿಯ ತಾಯಂದಿರು ಧೈರ್ಯವಾಗಿ ಮಕ್ಕಳನ್ನು ಬಿಡುತ್ತಾರೆ. ಸ್ಕೂಟರಿನವರೂ ನಿಧಾನಕ್ಕೆ ಹೋಗುತ್ತಾರೆ. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಬೀದಿ ಖಾಲಿ! ನಿಮ್ಮ ಕಡೆ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡು. ಕರೆದರೆ ಬರುತ್ತಾರೆ. ನಮಗೂ ಸಂಜೆ ಕಳೆಯಬೇಕಲ್ಲ.

ಬೆಂಗಳೂರಿನ ಒಬ್ಬ ತಂದೆ:

ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘ಮಕ್ಕಳು ಇಲ್ಲಿ ಆಡಬಾರದು’ ಅಂತ ಬೋರ್ಡೇ ಇತ್ತು. ಗಲಾಟೆ ಜಾಸ್ತಿ ಅಂತ ನೆಲಮಹಡಿಯವರ ದೂರು. ಅವರ ಮನೆಯಲ್ಲಿ ಹುಷಾರಿಲ್ಲದವರಿದ್ದರು, ಅದು ನಮಗೆ ಹೋಗಿ ಮಾತಾಡಿದಾಗಲೇ ಗೊತ್ತಾಗಿದ್ದು. ಹಿಂದಿನ ಗೇಟಿನ ಕಡೆ, ಸಂಜೆ ಐದರಿಂದ ಆರೂವರೆ ಅಂತ ಒಪ್ಪಂದವಾಯಿತು. ಹೊತ್ತು ಗೊತ್ತಾದ ಮೇಲೆ ಎಲ್ಲ ಮಕ್ಕಳೂ ಒಟ್ಟಿಗೇ ಇಳಿದು ಬರುತ್ತಾರೆ. ಇನ್ನೊಂದು ಮಾತು. ಹೆಣ್ಣುಮಕ್ಕಳನ್ನು ಅರ್ಧ ಗಂಟೆಗೇ ಒಳಗೆ ಕರೆಯುತ್ತಿದ್ದರು, ನಾವೂ ಹಾಗೇ ಮಾಡುತ್ತಿದ್ದೆವು. ಈಗ ನಿಲ್ಲಿಸಿದ್ದೇವೆ.

ನೆದರ್ಲೆಂಡ್ಸ್‌ನಿಂದ ಒಬ್ಬರು:

ಇಲ್ಲಿ ‘ವೋನೆರ್ಫ್’ ಅನ್ನುವ ಬೀದಿಗಳಿವೆ. 1976ರಿಂದ ಇವಕ್ಕೆ ಕಾನೂನೇ ಇದೆ. ಕಾರು ನಡೆಯುವವರಷ್ಟೇ ನಿಧಾನಕ್ಕೆ ಹೋಗಬೇಕು, ಮಕ್ಕಳು ರಸ್ತೆ ತುಂಬ ಆಡಬಹುದು. ನಮ್ಮ ಮನೆ ಅಂಥ ಬೀದಿಯಲ್ಲೇ ಇದೆ. ಆದರೂ ಮೊದಲ ಬೇಸಿಗೆ ಪೂರ್ತಿ ನಮ್ಮ ಹುಡುಗ ಕಿಟಕಿ ಹತ್ತಿರವೇ ನಿಂತಿರುತ್ತಿದ್ದ. ಒಂದು ದಿನ ಪಕ್ಕದ ಮನೆಯವರು ಬಂದು ಅವನ ಹೆಸರು ಕೇಳಿದರು. ಮಾರನೇ ದಿನ ಅವರ ಮಕ್ಕಳು ಹೆಸರು ಹಿಡಿದು ಕೂಗಿದರು, ಇವನು ಚಪ್ಪಲಿ ಕೂಡ ಹಾಕದೆ ಓಡಿದ. ನಿಮ್ಮ ಮಗಳ ಹೆಸರು ಅಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?