ಮೊದಲ ಸಲ ಸ್ಕೀಯಿಂಗ್‌ಗೆ ಹೊರಟಿದ್ದೇವೆ, ಜೀವಕ್ಕೆ ಅಪಾಯ ಇರುವುದು ಎಲ್ಲಿ? ಅನುಭವ ಇರುವವರು ಹೇಳಿ

ಪ್ರಶ್ನೆ

ಮುಂದಿನ ತಿಂಗಳು ಮನೆಯವರೆಲ್ಲ ಸ್ಕೀ ರೆಸಾರ್ಟ್ ಒಂದಕ್ಕೆ ಹೊರಟಿದ್ದೇವೆ. ನಾನು ಪೂರ್ತಿ ಹೊಸಬಳು. ನಮ್ಮ ಯಜಮಾನರು ಹಿಂದೆ ಕೆಲವು ಚಳಿಗಾಲ ಸ್ಕೀ ಮಾಡಿದ್ದಾರೆ, ಧೈರ್ಯ ಸ್ವಲ್ಪ ಜಾಸ್ತಿ. ಹದಿಮೂರರ ಮಗನಿಗೆ ಸ್ನೋಬೋರ್ಡೇ ಬೇಕಂತೆ. ರೆಸಾರ್ಟ್‌ಗಳಲ್ಲಿ ಜನ ಸತ್ತ ಸುದ್ದಿ ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಹೆಲ್ಮೆಟ್ ಹಾಕಿದರೆ ಸಾಕಾ? ಮೂವರಲ್ಲಿ ಯಾರ ಬಗ್ಗೆ ಜಾಸ್ತಿ ಹುಷಾರಾಗಿರಬೇಕು?

ಸ್ಕೀ ಪ್ಯಾಟ್ರೋಲ್‌ನಲ್ಲಿ (ಇಳಿಜಾರು ಕಾಯುವ, ಬಿದ್ದವರನ್ನು ಎತ್ತುವ ತಂಡ) ಕೆಲಸ ಮಾಡಿದ್ದವನ ಉತ್ತರ

ಯಾರ ಬಗ್ಗೆ ಅಂತ ಕೇಳಿದಿರಲ್ಲ ಮೇಡಂ, ನೇರವಾಗಿ ಹೇಳುತ್ತೇನೆ: ನಿಮ್ಮ ಯಜಮಾನರ ಬಗ್ಗೆ.

ಹೊಸಬರು ದಿನವಿಡೀ ಬೀಳುತ್ತಾರೆ. ಮಂಡಿ ತಿರುಚಿಕೊಳ್ಳುತ್ತದೆ, ಕೈ ಮುರಿಯುತ್ತದೆ. ಆದರೆ ಸಾಯುವವರಲ್ಲಿ ಹೆಚ್ಚಿನವರು ಗಂಡಸರು, ಅದೂ ಸ್ಕೀ ಚೆನ್ನಾಗಿಯೇ ಬರುವವರು. ಜಾಗವೂ ನೀವು ಅಂದುಕೊಂಡ ಹಾಗೆ ಕಡಿದಾದ ಪ್ರಪಾತವಲ್ಲ. ರಾತ್ರಿ ಯಂತ್ರ ಓಡಿಸಿ ಸಮತಟ್ಟು ಮಾಡಿದ, ಅಗಲವಾದ, ಮಧ್ಯಮ ಮಟ್ಟದ ರನ್, ಅಂದರೆ ಸ್ಕೀ ಇಳಿಯುವ ದಾರಿ. ಅಲ್ಲಿ ವೇಗ ಸುಲಭವಾಗಿ ಬರುತ್ತದೆ, ಭಯ ಮಾತ್ರ ಬರುವುದಿಲ್ಲ. ಒಂದು ಕ್ಷಣ ಹಿಡಿತ ತಪ್ಪಿತೋ, ಸೀದಾ ಅಂಚಿಗೆ. ಅಂಚಿನಲ್ಲಿ ಮರಗಳು ನಿಂತಿರುತ್ತವೆ. 1997ರ ಡಿಸೆಂಬರ್ 31ರಂದು ಆಸ್ಪೆನ್‌ನಲ್ಲಿ ಅಮೆರಿಕದ ರಾಜಕಾರಣಿ ರಾಬರ್ಟ್ ಕೆನಡಿಯವರ ಮಗ ಮೈಕಲ್ ಕೆನಡಿ ತೀರಿಕೊಂಡರು. ಅದಾಗಿ ಐದನೇ ದಿನಕ್ಕೆ ಹೆವೆನ್ಲಿ ರೆಸಾರ್ಟ್‌ನಲ್ಲಿ ಗಾಯಕರೂ ಸಂಸದರೂ ಆಗಿದ್ದ ಸಾನಿ ಬೋನೊ ಹೋದರು. ಇಬ್ಬರೂ ಪಳಗಿದ ಸ್ಕೀಯರ್‌ಗಳು. ಇಬ್ಬರೂ ಡಿಕ್ಕಿ ಹೊಡೆದದ್ದು ಮರಕ್ಕೆ.

ನಿಮಗೆ ನಿದ್ದೆ ಬರಲಿ ಅಂತ ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಒಬ್ಬರು ಒಂದು ದಿನ ಸ್ಕೀ ಮಾಡಿದರೆ ಅದನ್ನು ಒಂದು ಭೇಟಿ ಅಂತ ಎಣಿಸುತ್ತಾರೆ. ಒಂದು ಚಳಿಗಾಲಕ್ಕೆ ಅಂಥವು ಸುಮಾರು 6 ಕೋಟಿ. ಸಾವು ಸರಾಸರಿ 40ರ ಆಸುಪಾಸು. ಹತ್ತು ಲಕ್ಷ ಭೇಟಿಗೆ ಒಂದೂ ಬೀಳುವುದಿಲ್ಲ. ಹಾಗಾಗಿ ಪ್ರವಾಸ ರದ್ದು ಮಾಡಬೇಡಿ. ಆ 40 ಮಂದಿ ಯಾರು, ಎಲ್ಲಿ, ಹೇಗೆ ಅನ್ನೋದು ತಲೆಯಲ್ಲಿರಲಿ, ಅಷ್ಟೆ.

ಇನ್ನು ಹೆಲ್ಮೆಟ್. ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಇಟಲಿಯಲ್ಲಂತೂ 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ತಲೆಗೆ ಆಗುವ ಎಷ್ಟೋ ಗಾಯಗಳನ್ನು ಅದು ತಪ್ಪಿಸುತ್ತದೆ. ಆದರೆ ಅದರ ಮಿತಿ ಗೊತ್ತಿರಬೇಕು. ಯುರೋಪಿನ ಇಎನ್ 1077 ಮಾನದಂಡದ ಪರೀಕ್ಷೆಯಲ್ಲಿ ಹೆಲ್ಮೆಟನ್ನು ಬೀಳಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ. ನೆಲ ಮುಟ್ಟುವಾಗ ವೇಗ ಗಂಟೆಗೆ 20 ಕಿ.ಮೀ. ಹತ್ತಿರ. ನಿಮ್ಮ ಯಜಮಾನರು ಮಧ್ಯಮ ರನ್‌ನಲ್ಲಿ ಆರಾಮಾಗಿ ಇಳಿದರೂ ಗಂಟೆಗೆ 45 ಕಿ.ಮೀ. ಮುಟ್ಟಬಹುದು. ಆ ವೇಗದಲ್ಲಿ ಮರಕ್ಕೆ ಬಡಿಯುವುದೂ 8 ಮೀಟರ್ ಮೇಲಿಂದ ಬೀಳುವುದೂ ಒಂದೇ. ಎದೆ, ಕುತ್ತಿಗೆಗೆ ಬಿದ್ದ ಪೆಟ್ಟಿಗೆ ಹೆಲ್ಮೆಟ್ ಏನೂ ಮಾಡಲಾರದು. ಸತ್ತವರಲ್ಲೂ ಬಹಳ ಜನ ಹೆಲ್ಮೆಟ್ ಹಾಕಿದ್ದವರೇ. ಜೀವ ಉಳಿಸುವುದು ವೇಗ ಇಳಿಸುವ ಬುದ್ಧಿ. ಅಂಚಿನ ಹತ್ತಿರ ಬಂದಾಗ, ಎದುರಿಗೆ ದಿಬ್ಬದ ಆಚೆ ಕಾಣದಿದ್ದಾಗ, ಎರಡು ರನ್ ಸೇರುವ ಕಡೆ, ಈ ಮೂರು ಜಾಗದಲ್ಲಿ ವೇಗ ಇಳಿಸಿ ಅಂತ ಅವರಿಗೆ ಹೇಳಿ.

ಹಿಮದ ಸದ್ದನ್ನೂ ಕೇಳಲು ಹೇಳಿ. ಮಧ್ಯಾಹ್ನದವರೆಗೆ ಬಿಸಿಲು ಬಿದ್ದು ಮೆತ್ತಗಾದ ಹಿಮ, ಮೂರು ಗಂಟೆ ಹೊತ್ತಿಗೆ ನೆರಳು ಬಿದ್ದ ಕಡೆ ಮತ್ತೆ ಹೆಪ್ಪುಗಟ್ಟುತ್ತದೆ. ಅಲ್ಲಿಯವರೆಗೆ ಸರ್ ಅಂತ ಜಾರುತ್ತಿದ್ದ ಸ್ಕೀ ಕರಕರ ಅನ್ನತೊಡಗುತ್ತದೆ. ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ನಯವಾದ ಜಾಕೆಟ್ ಹಾಕಿಕೊಂಡು ಅಂಥ ಕಡಿದಾದ ಮಂಜುಗಡ್ಡೆಯ ಮೇಲೆ ಬಿದ್ದವರು ನಿಲ್ಲುವುದೇ ಇಲ್ಲ, ಸ್ಕೀ ಮಾಡುವಷ್ಟೇ ವೇಗದಲ್ಲಿ ಜಾರುತ್ತಲೇ ಹೋಗುತ್ತಾರೆ. ನಾನು ಸ್ಟ್ರೆಚರ್ ಎಳೆದುಕೊಂಡು ಹೋದ ಕೆಟ್ಟ ಅಪಘಾತಗಳಲ್ಲಿ ಹಲವು ಈ ಹೊತ್ತಿನವು. ಕಾಲು ಸುಸ್ತಾಗಿರುತ್ತದೆ, 'ಇನ್ನೊಂದೇ ಒಂದು ರನ್' ಅಂತ ಮನಸ್ಸು ಎಳೆಯುತ್ತಿರುತ್ತದೆ.

ಬಾಡಿಗೆ ಅಂಗಡಿಯಲ್ಲಿ ಬೈಂಡಿಂಗ್ ಕೂರಿಸುವವನು

ನನ್ನದು ಚಿಕ್ಕ ಮಾತು. ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬಾಡಿಗೆ ಫಾರಂನಲ್ಲಿ ಎತ್ತರ, ತೂಕ, ವಯಸ್ಸು, ಸ್ಕೀ ಮಾಡುವ ರೀತಿ ಕೇಳುತ್ತಾರೆ. ಬೂಟಿನ ಉದ್ದವನ್ನು ನಾವೇ ನೋಡಿಕೊಳ್ಳುತ್ತೇವೆ. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನೋದು ಈ ಲೆಕ್ಕದ ಮೇಲೆಯೇ ನಿಲ್ಲುತ್ತದೆ. ನಾಚಿಕೆಗೆ ತೂಕ ಕಮ್ಮಿ ಬರೆಯುವವರು, ಜಂಬಕ್ಕೆ 'ನಾನು ಎಕ್ಸ್‌ಪರ್ಟ್' ಅಂತ ಟಿಕ್ ಹಾಕುವವರು ದಿನಾ ಬರುತ್ತಾರೆ. ಮೊದಲನೆಯವರಿಗೆ ಓಡುವಾಗಲೇ ಸ್ಕೀ ಕಳಚಿಕೊಳ್ಳಬಹುದು. ಎರಡನೆಯವರಿಗೆ ಬಿದ್ದಾಗಲೂ ಕಳಚದೆ ಮಂಡಿಯ ಲಿಗಮೆಂಟ್ ಹರಿಯಬಹುದು. ಅಕ್ಕಾ, ದಯವಿಟ್ಟು ನಿಜ ಬರೆಯಿರಿ. ಹಾಗೇ ಸ್ವಂತ ಬೂಟು ತರುವವರು ಅದರ ತಳ ಬಾಡಿಗೆ ಬೈಂಡಿಂಗ್‌ಗೆ ಹೊಂದುತ್ತದಾ ಅಂತ ಕೌಂಟರ್‌ನಲ್ಲೇ ಕೇಳಿ. ಈಗ ಬೂಟಿನ ತಳದಲ್ಲೇ ಬೇರೆ ಬೇರೆ ಬಗೆ ಬಂದಿವೆ.

ಸ್ನೋಬೋರ್ಡ್ ಮಾಡುವವಳು

ಮಗನ ವಿಷಯ ನಾನು ಹೇಳುತ್ತೇನೆ. ಸ್ನೋಬೋರ್ಡ್‌ನಲ್ಲಿ ಎರಡೂ ಕಾಲು ಹಲಗೆಗೆ ಬಿಗಿದಿರುತ್ತವೆ, ಬಿದ್ದರೂ ಬಿಡುವುದಿಲ್ಲ. ಹೊಸಬರು ಬಿದ್ದ ಕೂಡಲೇ ಅಂಗೈ ಊರುತ್ತಾರೆ. ಅದಕ್ಕೇ ಮಣಿಕಟ್ಟು ಮುರಿಯುವುದು ಜಾಸ್ತಿ. ರಿಸ್ಟ್ ಗಾರ್ಡ್ ಕೊಡಿಸಿ, ಕೈ ಮುಷ್ಟಿ ಹಿಡಿದು ಮುಂಗೈ ಮೇಲೆ ಬೀಳುವುದನ್ನು ಮೊದಲ ದಿನವೇ ಕಲಿಸಲು ಕೋಚ್‌ಗೆ ಹೇಳಿ.

ನನಗೆ ಹೆಚ್ಚು ಭಯ ಇರುವುದು ಹಿಂದಕ್ಕೆ ಬೀಳುವುದರ ಬಗ್ಗೆ. ನಿಧಾನವಾಗಿ ಹೋಗುತ್ತಿರುವಾಗಲೇ ಹಲಗೆಯ ಇಳಿಜಾರಿನ ಕಡೆಯ ಅಂಚು ಹಿಮದಲ್ಲಿ ಕಚ್ಚಿಕೊಂಡುಬಿಡುತ್ತದೆ. ಕೈ ಚಾಚಲೂ ಹೊತ್ತಿಲ್ಲ, ಹಿಂದಲೆ ಸೀದಾ ನೆಲಕ್ಕೆ. ಹೆಲ್ಮೆಟ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥಲ್ಲಿ. ಸೈಕಲ್ ಹೆಲ್ಮೆಟ್ ಸಾಲದು, ಹಿಂದಲೆ ಪೂರ್ತಿ ಮುಚ್ಚುವ ಸ್ಕೀ ಹೆಲ್ಮೆಟ್ಟೇ ಬೇಕು. ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿ ನೋಡಲಿ, ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು.

ಇನ್ನೊಂದು. ನಾವು ಪಕ್ಕಕ್ಕೆ ತಿರುಗಿ ನಿಂತು ಇಳಿಯುತ್ತೇವೆ. ಬೆನ್ನ ಹಿಂದೆ ಬರುವವರು ನಮಗೆ ಕಾಣುವುದೇ ಇಲ್ಲ. ನಿಮ್ಮ ಯಜಮಾನರು ಸ್ನೋಬೋರ್ಡರ್‌ಗಳನ್ನು ದಾಟುವಾಗ ಸಾಕಷ್ಟು ಜಾಗ ಬಿಟ್ಟು ದಾಟಲಿ. 1967ರಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಿವೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ: ಕೆಳಗಿರುವವರನ್ನು ತಪ್ಪಿಸಿಕೊಂಡು ಹೋಗುವ ಹೊಣೆ ಮೇಲಿಂದ ಬರುವವರದು. ಮಗನಿಗೂ ಒಂದು ಮಾತು. ಸ್ನೋಬೋರ್ಡ್‌ನವರು ಸುಸ್ತಾದಾಗ ರನ್ ಮಧ್ಯೆಯೇ ಸುಮ್ನೆ ಕೂತುಬಿಡುತ್ತಾರೆ, ದಿಬ್ಬದ ಕೆಳಗೂ ಕೂರುತ್ತಾರೆ. ಮೇಲಿಂದ ಬರುವವರಿಗೆ ಅವರು ಕಾಣುವುದೇ ಇಲ್ಲ. ಕೂರುವುದಾದರೆ ಅಂಚಿಗೆ ಹೋಗಿ, ಮೇಲಿನಿಂದ ಕಾಣುವ ಕಡೆ ಕೂರಲಿ. ಮತ್ತೆ ಹೊರಡುವ ಮುಂಚೆ ಒಮ್ಮೆ ಮೇಲೆ ನೋಡಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು 'ಹಾಗಾದರೆ ಜನಜಂಗುಳಿಯ ರನ್ ಬಿಟ್ಟು ಪಕ್ಕದ ಮರಗಳ ನಡುವೆ ಹೋಗುತ್ತೇನೆ, ಅಲ್ಲಿ ಹಿಮ ಮೆತ್ತಗಿರುತ್ತೆ, ಬಿದ್ದರೂ ಏನಾಗಲ್ಲ' ಅಂತಿದ್ದಾರೆ. ಸರಿನಾ?

ಆಳ ಹಿಮದಲ್ಲಿ ಸ್ಕೀ ಮಾಡುವವರೊಬ್ಬರು

ಬೇಡ ಅನ್ನಿ. ಕೈಮುಗಿದು ಹೇಳುತ್ತೇನೆ.

ಆ ಮೆತ್ತನೆಯ ಹಿಮವೇ ಕೊಲ್ಲುವುದು. ದೊಡ್ಡ ಪೈನ್ ಮರದ ಕೊಂಬೆಗಳು ಛತ್ರಿಯ ಹಾಗೆ ಹಿಮವನ್ನು ತಡೆಯುತ್ತವೆ. ಕಾಂಡದ ಸುತ್ತ ಹಿಮ ಗಟ್ಟಿಯಾಗದೆ ಒಂದು ಗುಂಡಿ ಉಳಿಯುತ್ತದೆ. ಅದಕ್ಕೆ ಟ್ರೀ ವೆಲ್ ಅನ್ನುತ್ತಾರೆ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹತ್ತಿರ ಹೋದವರು ತಲೆಕೆಳಗಾಗಿ ಒಳಗೆ ಬೀಳುತ್ತಾರೆ, ಸ್ಕೀ ಮೇಲೆ ಕೊಂಬೆಗೆ ಸಿಕ್ಕಿಕೊಂಡಿರುತ್ತದೆ. ಒದ್ದಾಡಿದಷ್ಟೂ ಕೊಂಬೆಯ ಹಿಮ ಮೈಮೇಲೆ ಸುರಿಯುತ್ತದೆ. ಅಮೆರಿಕದಲ್ಲಿ ಸ್ವಯಂಸೇವಕರನ್ನು ಬೇಕೆಂದೇ ಇಂಥ ಗುಂಡಿಗೆ ಇಳಿಸಿ ಪರೀಕ್ಷೆ ಮಾಡಿದ್ದರು. ನೂರಕ್ಕೆ 90ರಷ್ಟು ಜನ ತಾವಾಗಿ ಹೊರಬರಲಿಲ್ಲ. ಉಸಿರು ಕಟ್ಟಲು ಹತ್ತಿಪ್ಪತ್ತು ನಿಮಿಷ ಸಾಕು. ಪ್ಯಾಟ್ರೋಲ್‌ನವರು ಅಷ್ಟರಲ್ಲಿ ಬಂದು ಮುಟ್ಟುವುದು ಕಷ್ಟ. ಉಳಿಸಬಲ್ಲವರು ಜೊತೆಗಿರುವವರು ಮಾತ್ರ.

ಅದಕ್ಕೇ ಹೊಸ ಹಿಮ ಬಿದ್ದ ದಿನ ಮರಗಳ ನಡುವೆ ಒಬ್ಬರೇ ಹೋಗಲೇಬಾರದು. ಜೊತೆ ಅಂದರೆ ಕೆಳಗೆ ಲಿಫ್ಟ್ ಹತ್ತಿರ ಸಿಗುವ ಜೊತೆಯಲ್ಲ, ಪ್ರತಿ ತಿರುವಿಗೂ ಕಣ್ಣಿಗೆ ಕಾಣುವ ಜೊತೆ. ಕೈಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಬಾರದು. ಬೀಳುವ ಹಾಗಾದರೆ ಕೂಗಬೇಕು, ಕೈಗೆ ಸಿಕ್ಕ ಕೊಂಬೆಯನ್ನೋ ಕಾಂಡವನ್ನೋ ತಬ್ಬಿಕೊಳ್ಳಬೇಕು. ಬಿದ್ದ ಮೇಲೆ ಒದ್ದಾಡದೆ ಮುಖದ ಮುಂದೆ ಉಸಿರಾಡುವಷ್ಟು ಜಾಗ ಮಾಡಿಕೊಳ್ಳಬೇಕು. ಎತ್ತುವವರು ಕಾಲು ಹಿಡಿದು ಎಳೆಯಬಾರದು. ತಲೆ ಎಲ್ಲಿದೆ ಅಂತ ಅಂದಾಜು ಮಾಡಿ ಪಕ್ಕದಿಂದ ಅಗೆಯಬೇಕು, ಮೊದಲು ಬಾಯಿ ಮೂಗು ಬಿಡಿಸಬೇಕು.

ಪ್ಯಾಟ್ರೋಲ್‌ನವನು ಮತ್ತೆ

ಇವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹಗ್ಗ ಕಟ್ಟಿದ್ದರೆ, 'ಮುಚ್ಚಿದೆ' ಅಂತ ಬೋರ್ಡ್ ಇದ್ದರೆ ಅದರಾಚೆ ಹೋಗುವ ಮಾತೇ ಬೇಡ. ರೆಸಾರ್ಟ್‌ನ ಒಳಗೂ ಅಪರೂಪಕ್ಕೆ ಹಿಮಕುಸಿತ ಆಗುತ್ತದೆ. 2020ರ ಜನವರಿಯಲ್ಲಿ ಐಡಹೊದ ಸಿಲ್ವರ್ ಮೌಂಟನ್‌ನಲ್ಲಿ ಮೂವರು, 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಲಿಸೇಡ್ಸ್ ಟಾಹೊದಲ್ಲಿ ಒಬ್ಬರು ಹೀಗೇ ಹೋದರು. ಪ್ಯಾಟ್ರೋಲ್‌ನವರು ಸ್ಫೋಟಕ ಹಾಕಿ ಹಿಮ ಇಳಿಸಿ, ನೋಡಿ ತೆರೆಯುವ ಜಾಗದಲ್ಲೇ ಹೀಗಾದರೆ, ಯಾರೂ ನೋಡದ ಜಾಗದಲ್ಲಿ ಹೇಗೆ, ಯೋಚಿಸಿ. ಫಾರ್ಮುಲಾ ಒನ್ ಕಾರ್ ರೇಸರ್ ಮೈಕಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಮೆರಿಬೆಲ್‌ನಲ್ಲಿ ಬಿದ್ದದ್ದು ಗುರುತು ಹಾಕಿದ ರನ್‌ನಿಂದ ಕೆಲವೇ ಮೀಟರ್ ಆಚೆ, ಹಿಮದಡಿ ಅಡಗಿದ್ದ ಬಂಡೆಗೆ ಸ್ಕೀ ತಾಗಿ. ಹೆಲ್ಮೆಟ್ ಹಾಕಿದ್ದರು. ಜೀವ ಉಳಿಯಿತು, ಆದರೆ ಮೆದುಳಿಗೆ ಭಾರಿ ಪೆಟ್ಟಾಯಿತು.

ಇನ್ಶೂರೆನ್ಸ್ ಕಾಗದವನ್ನೂ ಓದಿಕೊಳ್ಳಿ. ಸಾಮಾನ್ಯ ಪ್ರವಾಸ ಪಾಲಿಸಿಗಳಲ್ಲಿ ಹಲವು ಸ್ಕೀಯಿಂಗನ್ನೇ ಬಿಟ್ಟಿರುತ್ತವೆ, ಇಲ್ಲವೇ ಗುರುತಿನ ಆಚೆ ಹೋದರೆ ಹಣ ಕೊಡುವುದಿಲ್ಲ.

ತುರ್ತು ಚಿಕಿತ್ಸೆಯ ನರ್ಸ್

ಮೇಡಂ, ಇದು ನಿಮಗೇ. ಹೊಸಬರ ಇಳಿಜಾರಿನಲ್ಲಿ ಏನೂ ಆಗಲ್ಲ ಅಂದುಕೊಳ್ಳಬೇಡಿ. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್ಸನ್ ಕೆನಡಾದ ಮೋಂ ಟ್ರಂಬ್ಲಾದಲ್ಲಿ ಪಾಠ ಕಲಿಯುವಾಗ ಹೊಸಬರ ಇಳಿಜಾರಿನಲ್ಲೇ ಬಿದ್ದರು. ಹೆಲ್ಮೆಟ್ ಇರಲಿಲ್ಲ. ಎದ್ದು ನಡೆದರು, ಮಾತಾಡಿದರು, ಏನೂ ಆಗಿಲ್ಲ ಅಂತ ಚಿಕಿತ್ಸೆ ಬೇಡ ಅಂದರು. ಸ್ವಲ್ಪ ಹೊತ್ತಿನ ಮೇಲೆ ತಲೆನೋವು ಶುರುವಾಯಿತು. ಎರಡು ದಿನಕ್ಕೆ ತೀರಿಕೊಂಡರು. ತಲೆಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತ ಸೋರಿತ್ತು. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆ ಆದರೆ ಇಂಥವರಲ್ಲಿ ಬಹಳ ಜನ ಬದುಕುತ್ತಾರೆ. ಅದಕ್ಕೇ ಈ ವಿಷಯ ನನ್ನನ್ನು ಬಿಡುವುದಿಲ್ಲ.

ನಿಮ್ಮ ಮಗ ತಲೆಗೆ ಪೆಟ್ಟು ಮಾಡಿಕೊಂಡು 'ಐ ಆಮ್ ಫೈನ್' ಅಂದರೂ ಆ ದಿನಕ್ಕೆ ಬೋರ್ಡ್ ಒಳಗಿಡಿ. ಒಬ್ಬನೇ ರೂಮಿನಲ್ಲಿ ಮಲಗಲು ಬಿಡಬೇಡಿ. ಹೆಚ್ಚುತ್ತಾ ಹೋಗುವ ತಲೆನೋವು, ವಾಂತಿ, ಮಂಪರು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಂಬುಲೆನ್ಸ್. ಯುರೋಪಿನಲ್ಲಿ 112, ಅಮೆರಿಕ, ಕೆನಡಾದಲ್ಲಿ 911. ರೆಸಾರ್ಟ್ ಪ್ಯಾಟ್ರೋಲ್‌ನ ನಂಬರ್ ನಕ್ಷೆಯ ಮೇಲೆ ಸಾಮಾನ್ಯವಾಗಿ ಇರುತ್ತದೆ, ಮೊದಲ ದಿನವೇ ಎಲ್ಲರ ಫೋನಿನಲ್ಲೂ ಹಾಕಿಡಿ. ಇಳಿಜಾರಿನಲ್ಲೇ ಯಾರಾದರೂ ಬಿದ್ದಿದ್ದರೆ ಅವರ ಮೇಲ್ಗಡೆ ಸ್ವಲ್ಪ ದೂರದಲ್ಲಿ ಎರಡು ಸ್ಕೀಗಳನ್ನು ಅಡ್ಡಡ್ಡ ನೆಡಿ, ಬರುವವರು ಪಕ್ಕಕ್ಕೆ ಸರಿಯುತ್ತಾರೆ. ಕುತ್ತಿಗೆಗೆ ಪೆಟ್ಟಾಗಿರಬಹುದು ಅನಿಸಿದರೆ ಎತ್ತಿ ಕೂರಿಸಲು ಹೋಗಬೇಡಿ.

ಹಿಮ ಸಮ ಮಾಡುವ ಯಂತ್ರದ ಚಾಲಕ

ಇದನ್ನು ಯಾರೂ ಹೇಳಲಿಲ್ಲ. ಲಿಫ್ಟ್ ನಿಂತ ಮೇಲೆ ಇಳಿಜಾರು ನಮ್ಮದು. ಕಡಿದಾದ ಕಡೆ ಯಂತ್ರವನ್ನು ಮೇಲಿನ ಗೂಟಕ್ಕೆ ಉಕ್ಕಿನ ಹಗ್ಗದಿಂದ ಕಟ್ಟಿಕೊಂಡು ಕೆಲಸ ಮಾಡುತ್ತೇವೆ. ಹಗ್ಗ ಒಂದು ಕಿಲೋಮೀಟರ್‌ವರೆಗೂ ಇರಬಹುದು. ಕೆಲವೊಮ್ಮೆ ಹಿಮದಲ್ಲಿ ಹೂತಿರುತ್ತದೆ, ಯಂತ್ರ ಎಳೆದಾಗ ಒಮ್ಮೆಲೇ ಬಿಗಿಯಾಗಿ ಮೇಲಕ್ಕೆ ಜಿಗಿಯುತ್ತದೆ. ಮುಸ್ಸಂಜೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಂತ್ರ ದಿಬ್ಬದಾಚೆ ಇದ್ದರೆ ದೀಪವೂ ಕಾಣುವುದಿಲ್ಲ. ಸೂರ್ಯಾಸ್ತ ನೋಡಿ ಇಳಿಯೋಣ ಅಂತ ಮೇಲೆ ಉಳಿದವರು, ರಾತ್ರಿ ಮಕ್ಕಳನ್ನು ಕರೆದುಕೊಂಡು ಸ್ಲೆಡ್ ಆಡಲು ಬರುವವರು ಇದಕ್ಕೆ ಸಿಕ್ಕಿ ಸತ್ತಿದ್ದಾರೆ. ಕೊನೆಯ ಲಿಫ್ಟ್ ಎಷ್ಟು ಗಂಟೆಗೆ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಸಂಜೆ ಪ್ಯಾಟ್ರೋಲ್‌ನವರು ಯಾರೂ ಉಳಿದಿಲ್ಲ ಅಂತ ನೋಡುತ್ತಾ ಇಳಿದು ಬರುತ್ತಾರೆ, ಅವರಿಗಿಂತ ಮುಂಚೆ ನೀವು ಮೂವರೂ ಕೆಳಗಿರಿ.